ಹುಳು ತಿಂದ ಹೊಲ, ತೇಪೆಯ ಬೂಟು

2018ರ ಆಗಸ್ಟ್. ನ್ಯಾಮತಿಯಲ್ಲಿ ಶಾಲೆ ಮುಗಿಸಿ ಮನೆಗೆ ಬಂದು ಕಾಫಿಗೆ ಹಾಲಿಟ್ಟಿದ್ದೆ. ಜಗಳೂರಿನ ಊರಿನಿಂದ ತಮ್ಮನ ಫೋನು ಬಂತು. 'ಅಕ್ಕ, ಮೆಕ್ಕೆಜೋಳದ ಸುಳಿಗೆಲ್ಲ ಹುಳ ಬಿದ್ದೈತಿ. ಇಂಥಾ ಹುಳ ನಾನು ಹುಟ್ಟಿದಾಗಿಂದ ನೋಡಿಲ್ಲ' ಅಂದ. ಹಾಲು ಉಕ್ಕಿದ್ದೂ ಗೊತ್ತಾಗಲಿಲ್ಲ.

ಅದು ಸೈನಿಕ ಹುಳು. ಮೂಲ ಅಮೆರಿಕ ಖಂಡದ್ದು. ಆ ವರ್ಷದ ಮೇ ತಿಂಗಳಲ್ಲಿ, ನಮ್ಮ ದೇಶದಲ್ಲೇ ಮೊದಲ ಬಾರಿಗೆ, ಪಕ್ಕದ ಶಿವಮೊಗ್ಗದ ಮೆಕ್ಕೆಜೋಳದ ಹೊಲಗಳಲ್ಲಿ ವಿಜ್ಞಾನಿಗಳು ಅದನ್ನು ಗುರುತಿಸಿದ್ದರು. ದಾವಣಗೆರೆ ಸೀಮೆಯೆಂದರೆ ಮೆಕ್ಕೆಜೋಳದ ಕಣಜ. ಹುಳಕ್ಕೆ ಇನ್ನೇನು ಬೇಕು? ಯೋಚಿಸಿದರೆ ಮೆಕ್ಕೆಜೋಳವೂ ಅಮೆರಿಕದಿಂದಲೇ ಬಂದದ್ದು. ಬೆಳೆ ಮೊದಲು ಬಂತು, ಅದನ್ನು ತಿನ್ನುವ ಹುಳ ನೂರಾರು ವರ್ಷ ಬಿಟ್ಟು ಹಿಂದೆಯೇ ಹುಡುಕಿಕೊಂಡು ಬಂತು.

ಶನಿವಾರ ಮಧ್ಯಾಹ್ನ ಬಸ್ಸು ಹತ್ತಿದೆ. ಐದನೇ ತರಗತಿ ಓದುತ್ತಿದ್ದ ತಮ್ಮನ ಮಗಳಿಗೆ ಕೊಡಲೆಂದು ಚೀಲದಲ್ಲಿ ಒಂದು ಪುಸ್ತಕವಿತ್ತು. ಅಮೆರಿಕದ ಲಾರಾ ಇಂಗಲ್ಸ್ ವೈಲ್ಡರ್ ಮಕ್ಕಳಿಗಾಗಿ ಬರೆದ ಕಾದಂಬರಿ. ಈ ಸರಣಿಯನ್ನು ಕನ್ನಡಕ್ಕೆ ತಂದವರು ಎಸ್. ಅನಂತನಾರಾಯಣ. ದಾವಣಗೆರೆಯಲ್ಲಿ ಟಿ.ಸಿ.ಎಚ್. ಓದುವಾಗ ಗ್ರಂಥಾಲಯದ ಕಪಾಟಿನಲ್ಲಿ 'ದೊಡ್ಡ ಕಾಡಿನಲ್ಲಿ ಪುಟ್ಟ ಮನೆ' ನನ್ನ ಕೈಗೆ ಸಿಕ್ಕಿತ್ತು. ಅವತ್ತಿನಿಂದ ಲಾರಾ ನನಗೆ ಪಕ್ಕದ ಮನೆಯ ಹುಡುಗಿ.

ಲಾರಾ ಹುಟ್ಟಿದ್ದು 1867ರಲ್ಲಿ, ವಿಸ್ಕಾನ್ಸಿನ್‌ನ ಕಾಡಿನಲ್ಲಿ. ಮೊದಲ ಪುಸ್ತಕ ಬಂದದ್ದು 1932ರಲ್ಲಿ. ಅಷ್ಟು ಹೊತ್ತಿಗೆ ಆಕೆಗೆ ಅರವತ್ತೈದು ವರ್ಷ! ಅಪ್ಪ, ಅಮ್ಮ, ಅಕ್ಕ ಮೇರಿ, ತಂಗಿ ಕ್ಯಾರಿ, ಒಂದು ನಾಯಿ, ಒಂದು ಬಂಡಿ, ಅಪ್ಪನ ಪಿಟೀಲು. ಒಂದು ಕಡೆ ನೆಲೆ ನಿಲ್ಲುವಷ್ಟರಲ್ಲಿ ಇನ್ನೊಂದು ಕಡೆಗೆ ಹೊರಡುವ ಸಂಸಾರ. ನಾನು ಒಯ್ದದ್ದು 1937ರಲ್ಲಿ ಬಂದ ಪ್ಲಮ್ ಕ್ರೀಕ್ ಎಂಬ ಹಳ್ಳದ ದಂಡೆಯ ಕಥೆ. ಅಲ್ಲಿ ಅವರು ಮೊದಲು ಇದ್ದದ್ದು ದಿಬ್ಬವನ್ನು ಕೊರೆದು ಮಾಡಿದ ಮಣ್ಣಿನ ಮನೆಯಲ್ಲಿ. ಒಂದು ದಿನ ಎತ್ತು ಮೇಲೆ ಓಡಿ ಅದರ ಕಾಲು ಚಾವಣಿಯೊಳಗೇ ಇಳಿಯುತ್ತದೆ. 'ಅತ್ತೆ, ನಮ್ಮ ಹಗೇವಿನಂಗೆ!' ಅಂತ ಹುಡುಗಿ ನಕ್ಕಳು. ಕಾಳು ತುಂಬುವ ನೆಲದೊಳಗಿನ ಹಗೇವು ನಮ್ಮ ಮನೆಯ ಮುಂದೆ ಈಗಲೂ ಇದೆ, ಖಾಲಿ.

ಭಾನುವಾರ ಬೆಳಗ್ಗೆ ಹೊಲಕ್ಕೆ ಹೋದೆವು. ಎಲೆಗಳೆಲ್ಲ ಜರಡಿಯಾಗಿದ್ದವು. ಸುಳಿ ಬಿಡಿಸಿದರೆ ಒಳಗೆ ಮರದ ಹೊಟ್ಟಿನಂಥ ಲದ್ದಿ, ಅದರಡಿ ಹುಳ. ಅವ್ವ ಮಡಿಲಲ್ಲಿ ಮರಳು ಕಟ್ಟಿಕೊಂಡು ಒಂದೊಂದು ಸುಳಿಗೂ ಒಂದೊಂದು ಚಿಟಿಕೆ ಹಾಕುತ್ತಿದ್ದಳು. ತಮ್ಮ ಅಕ್ಕಿ ತೌಡಿಗೆ ಬೆಲ್ಲದ ನೀರು, ಔಷಧಿ ಕಲಸಿ ಸುಳಿಗೆ ಉದುರಿಸುತ್ತಿದ್ದ. ಎಂಟು ಎಕರೆಗೆ ಎರಡು ಜೊತೆ ಕೈ. ಬೀಜ, ಗೊಬ್ಬರ ಎಲ್ಲವೂ ಸಾಲದಲ್ಲಿ ಬಂದದ್ದು. ಮೆಕ್ಕೆಜೋಳ ಮಾರಿದ ಮೇಲೆ ತೀರಿಸುವ ಮಾತು.

ಸಂಜೆ ಜಗಲಿಯ ಮೇಲೆ ಕೂತು ಹುಡುಗಿಗೆ ಮುಂದಿನ ಭಾಗ ಓದಿದೆ. ಲಾರಾಳ ಅಪ್ಪನೂ ಗೋಧಿ ಬೆಳೆ ಬಂದ ಮೇಲೆ ಕೊಡುತ್ತೇನೆಂದು ಹೇಳಿ ಸಾಲದಲ್ಲಿ ಹಲಗೆ ತಂದು ಹೊಸ ಮನೆ ಕಟ್ಟಿದ್ದಾನೆ. ಗೋಧಿ ಕೊಯ್ಲಿಗೆ ಬರುತ್ತಿರುವಾಗ ಸೂರ್ಯನಿಗೆ ಅಡ್ಡವಾಗಿ ಒಂದು ವಿಚಿತ್ರ ಮೋಡ ಬರುತ್ತದೆ. ಮೋಡವಲ್ಲ, ಮಿಡತೆ. ಆಲಿಕಲ್ಲಿನಂತೆ ಉದುರುತ್ತವೆ. ಅಪ್ಪ ಹೊಲದ ಸುತ್ತ ಹುಲ್ಲು, ಗೊಬ್ಬರ ಸುಟ್ಟು ಹೊಗೆ ಹಾಕುತ್ತಾನೆ. ಏನೂ ಉಪಯೋಗವಾಗುವುದಿಲ್ಲ. ಮನೆಯಲ್ಲಿ ಕಾಸಿಲ್ಲ. ಹೊಸ ಬೂಟಿಗೆಂದು ಇಟ್ಟಿದ್ದ ದುಡ್ಡನ್ನು ಅವನು ಚರ್ಚಿನ ಗಂಟೆಗೆ ಕೊಟ್ಟುಬಿಟ್ಟಿದ್ದ. ತೇಪೆ ಹಾಕಿದ ಹಳೆಯ ಬೂಟಿನಲ್ಲೇ, ಮಿಡತೆ ಬೀಳದ ಪೂರ್ವದ ಸೀಮೆಗೆ ಕೊಯ್ಲಿನ ಕೂಲಿಗೆಂದು ನಡೆದು ಹೊರಡುತ್ತಾನೆ.

ಇಲ್ಲಿಗೆ ಬಂದಾಗ ನನ್ನ ಗಂಟಲು ಕಟ್ಟಿತು. ಗ್ರಂಥಾಲಯದಲ್ಲಿ ಮೊದಲ ಸಲ ಓದಿದಾಗಲೂ ಇಲ್ಲೇ ಕಟ್ಟಿತ್ತು.

1986ರಲ್ಲಿ ನನಗೆ ಹನ್ನೊಂದು ವರ್ಷ. ಬರಗಾಲ. ಶೇಂಗಾ ಹೂ ಬಿಟ್ಟು ಅಲ್ಲೇ ಒಣಗಿತು. ಅಪ್ಪ ಕೆಲಸ ಹುಡುಕಿಕೊಂಡು ಹೊರಟ. ಮೊದಲು ಹೊನ್ನಾಳಿ ಕಡೆ ಭತ್ತದ ಕೊಯ್ಲು, ಆಮೇಲೆ ಚನ್ನಗಿರಿ ಕಡೆ ಅಡಿಕೆ ಖೇಣಿ ಹಿಡಿದವರ ಹತ್ತಿರ ಬೇಯಿಸುವ, ಮೂಟೆ ಹೊರುವ ಕೆಲಸ. ಅಲ್ಲಿ ತುಂಗಭದ್ರೆ ಇದ್ದಳು, ಭದ್ರಾ ನಾಲೆ ಇತ್ತು, ಸೂಳೆಕೆರೆ ಇತ್ತು. ನಮಗೆ ಮೋಡವೇ ಗತಿ. ದಾವಣಗೆರೆ ಜಿಲ್ಲೆ ಆದದ್ದು 1997ರಲ್ಲಿ. ಆಗ ನಮ್ಮದು ಚಿತ್ರದುರ್ಗ ಜಿಲ್ಲೆ, ಹೊನ್ನಾಳಿ, ಚನ್ನಗಿರಿ ಎರಡೂ ಶಿವಮೊಗ್ಗ ಜಿಲ್ಲೆ. ಅಪ್ಪ ಬೇರೆ ಜಿಲ್ಲೆಗೆ ಹೋದ ಎಂದರೆ ನನ್ನ ಪಾಲಿಗೆ ಪರದೇಶಕ್ಕೇ ಹೋದ ಹಾಗೆ.

ನಾನು ಏಳುವ ಮೊದಲೇ ಹೋಗಿದ್ದ. ಹೇಳದೆ ಹೋದ ಎನ್ನುವ ಸಿಟ್ಟು ನನ್ನಲ್ಲಿ ಕಲ್ಲಾಗಿ ಕೂತಿತು. ಸಂಕ್ರಾಂತಿಗೆ ಬಂದಾಗ ನನಗೊಂದು ಕಂಪಾಸ್ ಪೆಟ್ಟಿಗೆ ತಂದಿದ್ದ. ತೆಗೆದುಕೊಂಡೆ, ಎರಡು ದಿನ ಮಾತಾಡಲಿಲ್ಲ. ಮುಂದೆ ಎಲ್ಲ ಸರಿಹೋಯಿತು. ಆದರೆ ಆ ಬೆಳಗಿನ ಮಾತನ್ನು ನಾನೂ ಎತ್ತಲಿಲ್ಲ, ಅಪ್ಪನೂ ಎತ್ತಲಿಲ್ಲ. ಹೀಗೇ ಮೂವತ್ತೆರಡು ವರ್ಷ.

ಆ ಸಂಜೆ ಅಪ್ಪ ಕಂಬಕ್ಕೆ ಒರಗಿ ಬೀಡಿ ಸೇದುತ್ತಿದ್ದ. ಕೇಳಿಸಿಕೊಳ್ಳುತ್ತಿದ್ದಾನೆ ಅಂತ ನನಗೆ ಗೊತ್ತಿರಲಿಲ್ಲ.

'ಎಷ್ಟು ದೂರ ನಡೆದ ಅಂದೆ ಆ ಯಪ್ಪ?'

'ಮುನ್ನೂರು ಮೈಲಿ ಅಪ್ಪಾ.'

'ನನಗೆ ಬಸ್ಸಾದ್ರೂ ಇತ್ತು' ಅಂದ. ಸ್ವಲ್ಪ ಹೊತ್ತು ಸುಮ್ಮನಿದ್ದು, 'ಅವತ್ತು ನಿನ್ನ ಬೇಕಂತಲೇ ಎಬ್ಬಿಸ್ಲಿಲ್ಲ ಕಣವ್ವ. ನೀನು ಎದ್ದು ಅತ್ತಿದ್ರೆ ನಾನು ಹೋಗ್ತಿರ್ಲಿಲ್ಲ. ಹೋಗ್ಲಿಲ್ಲ ಅಂದಿದ್ರೆ ಉಣ್ಣಾಕೆ ಇರ್ಲಿಲ್ಲ' ಅಂದ.

ನಾನು ಪುಸ್ತಕದೊಳಗೇ ಮುಖ ಇಟ್ಟುಕೊಂಡಿದ್ದೆ. ಹುಡುಗಿ ನನ್ನ ಮೊಣಕೈ ಅಲುಗಿಸಿ, 'ಓದು ಅತ್ತೆ' ಅಂದಳು.

ಲಾರಾ ಕೂಡ ಎಲ್ಲವನ್ನೂ ಬರೆದಿಲ್ಲ. ಆ ಮಿಡತೆಯ ವರ್ಷಗಳಲ್ಲೇ ಆಕೆಗೊಬ್ಬ ತಮ್ಮ ಹುಟ್ಟಿ, ವರ್ಷ ತುಂಬುವ ಮೊದಲೇ ತೀರಿಕೊಂಡ. ಮಕ್ಕಳ ಪುಸ್ತಕಗಳಲ್ಲಿ ಆ ಕೂಸಿನ ಸುದ್ದಿಯೇ ಇಲ್ಲ. ಹಿರಿಯರು ಹೇಳದೆ ಬಿಟ್ಟದ್ದೆಲ್ಲ ಮರೆತದ್ದಲ್ಲ ಎನ್ನುವುದು ನನಗೆ ಆ ಜಗಲಿಯ ಮೇಲೆ ತಿಳಿಯಿತು.

ಇನ್ನೊಂದು ಮಾತನ್ನೂ ಹೇಳಬೇಕು. 'ಹುಲ್ಲುಗಾವಲಿನಲ್ಲಿ ಪುಟ್ಟ ಮನೆ' ಓದುವಾಗ ನನ್ನ ಶಾಲೆಯ ಹುಡುಗನೊಬ್ಬ, 'ಟೀಚರ್, ಆ ಜಾಗ ಅವರದಾ?' ಎಂದು ಕೇಳಿದ್ದ. ಅಲ್ಲ. ಅದು ಓಸೇಜ್ ಎಂಬ ಮೂಲನಿವಾಸಿಗಳ ನೆಲ. ಆ ಜನರ ಬಗ್ಗೆ ಪುಸ್ತಕದಲ್ಲಿ ಮನಸ್ಸಿಗೆ ನೋವಾಗುವ ಮಾತುಗಳಿವೆ. ಇದೇ ಕಾರಣಕ್ಕೆ, ಲಾರಾ ಹೆಸರಿನಲ್ಲಿ 1954ರಿಂದ ಕೊಡುತ್ತಿದ್ದ ಪ್ರಶಸ್ತಿಯ ಹೆಸರನ್ನು ಅಮೆರಿಕದ ಗ್ರಂಥಾಲಯ ಸಂಘದವರು 2018ರಲ್ಲೇ ಬದಲಿಸಿದರು. ನಾನು ಆ ಪುಟಗಳನ್ನು ಹಾರಿಸುವುದಿಲ್ಲ. ಅಲ್ಲಿ ನಿಲ್ಲಿಸಿ ಮಕ್ಕಳ ಜೊತೆ ಮಾತಾಡುತ್ತೇನೆ. ತನ್ನ ಮನೆ ಕಳೆದುಕೊಂಡವರ ನೋವು ನಮ್ಮ ಮಕ್ಕಳಿಗೆ ಅರ್ಥವಾಗುತ್ತದೆ.

ಆ ವರ್ಷ ತಮ್ಮನಿಗೆ ಬೆಳೆ ಅರ್ಧಕ್ಕರ್ಧ ಬಂತು. ಬೀಜ, ಗೊಬ್ಬರದ ಸಾಲ ತೀರಿತು, ಕೈಯಲ್ಲಿ ಏನೂ ಉಳಿಯಲಿಲ್ಲ. ಲಾರಾಳ ಕಾಲದ ಆ ಮಿಡತೆಯ ಜಾತಿಯೇ ಆಮೇಲೆ ಭೂಮಿಯಿಂದ ಅಳಿದುಹೋಯಿತಂತೆ. 1902ರ ನಂತರ ಜೀವಂತವಾಗಿ ಯಾರಿಗೂ ಸಿಕ್ಕಿಲ್ಲ. ನಮ್ಮ ಸೈನಿಕ ಹುಳ ಹಾಗೆ ಹೋಗುವ ಲಕ್ಷಣವಿಲ್ಲ. ತಮ್ಮ ಈಗ ಮೆಕ್ಕೆಜೋಳದ ಸಾಲುಗಳ ನಡುವೆ ತೊಗರಿ ಹಾಕುತ್ತಾನೆ. ಒಂದು ಹೋದರೆ ಒಂದಾದರೂ ಇರಲಿ ಎಂದು.

ಸೋಮವಾರ ನಸುಕಿನಲ್ಲಿ ನ್ಯಾಮತಿಗೆ ಹೊರಟೆ. ಮೊದಲ ಬಸ್ಸು ಹಿಡಿಯಬೇಕಿತ್ತು. ಹುಡುಗಿ ಮಲಗಿದ್ದಳು. ನಾನು ಅವಳನ್ನು ಎಬ್ಬಿಸಿದೆ. ಅತ್ತಳು, ಆಮೇಲೆ ಕಣ್ಣೊರೆಸಿಕೊಂಡು ಟಾಟಾ ಮಾಡಿದಳು. ಅಪ್ಪ ಟಾರ್ಚು ಹಿಡಿದು ಬಸ್ಸಿನ ತನಕ ಬಂದ. ಬಸ್ಸಿನ ದೀಪ ದೂರದಲ್ಲಿ ಕಂಡಾಗ ಕೇಳಿದ:

'ಆ ಯಪ್ಪಗೆ ಹೊಸ ಬೂಟು ಸಿಕ್ತಾ?'

'ಸಿಕ್ತು ಅಪ್ಪಾ. ದಿನಕ್ಕೆ ಒಂದು ಡಾಲರ್ ಕೂಲಿ ಸಿಕ್ತು. ಮೊದಲು ಮನೆಗೆ ದುಡ್ಡು ಕಳಿಸಿದ, ಉಳಿದಿದ್ರಲ್ಲಿ ಬೂಟು ತಗೊಂಡ.'

'ಹಂಗೇ ಮಾಡ್ಬೇಕು' ಅಂದ ಅಪ್ಪ, ನನ್ನ ಚೀಲ ಎತ್ತಿ ಬಸ್ಸಿನೊಳಗಿಟ್ಟ.