ಘರ್ಜನೆಯೂ ಗಾನವೂ

ನಮ್ಮ ಗಾನವೃಂದದಲ್ಲಿ ಗಿಟಾರ್ ನುಡಿಸುತ್ತಿದ್ದ ಯುವಕನೊಬ್ಬನ ತಾಯಿ ಒಂದು ಸಂಜೆ ಗುರುನಿವಾಸಕ್ಕೆ ಬಂದರು. "ಫಾದರ್, ಮಗ ಬಾಗಿಲು ಹಾಕಿಕೊಂಡು ದೆವ್ವದ ಹಾಡು ಕೇಳುತ್ತಾನೆ. ನೀವೇ ಬುದ್ಧಿ ಹೇಳಬೇಕು" ಎಂದು ಕಣ್ಣೀರಿಟ್ಟರು. ಏನು ಎತ್ತ ವಿಚಾರಿಸದೆ ಭಾನುವಾರ ಅವನನ್ನು ಗದರಿದೆ. ಅವನು ವಾದಿಸಲಿಲ್ಲ, ಗಾನವೃಂದಕ್ಕೆ ಬರುವುದನ್ನು ನಿಲ್ಲಿಸಿದ.

ಮೂರು ವಾರಗಳ ನಂತರ ನಾನೇ ಅವನ ಮನೆಗೆ ಹೋಗಿ, "ನನಗೂ ಕೇಳಿಸಪ್ಪಾ" ಎಂದೆ. ಅದು 1999ರಲ್ಲಿ ಫಿನ್ಲೆಂಡಿನಲ್ಲಿ ಹುಟ್ಟಿದ ಬ್ಯಾಟಲ್‌ಲೋರ್ ಎಂಬ ಹೆವಿ ಮೆಟಲ್ ತಂಡ. ಗಿಟಾರುಗಳ ಅಬ್ಬರದ ನಡುವೆ ಗಂಡುದನಿಯೊಂದು ಘರ್ಜಿಸುತ್ತದೆ. ಸ್ವರತಂತುಗಳ ಮೇಲಿನ ಮಡಿಕೆಗಳನ್ನೂ ಕಂಪಿಸಿ ಹೊರಡಿಸುವ ಆ ಒರಟು ದನಿಗೆ 'ಗ್ರೌಲ್' ಎನ್ನುತ್ತಾರಂತೆ. ಬೆನ್ನಿಗೇ ಹೆಣ್ಣುದನಿಯೊಂದು ತಿಳಿಯಾಗಿ ಹಾಡುತ್ತದೆ. ಮೊದಲನೆಯದು ನನ್ನ ಕಿವಿಗೆ ಹಿತವಾಗಲಿಲ್ಲ, ಈಗಲೂ ಹಿತವೆನ್ನಲಾರೆ.

ಆದರೆ ಹಾಡುಗಳ ವಸ್ತು ತಿಳಿದಾಗ ಬೆರಗಾದೆ. ಬಹುಪಾಲು ಜೆ.ಆರ್.ಆರ್. ಟೋಲ್ಕಿನ್ ಕಲ್ಪಿಸಿದ ಲೋಕದ ಕಥೆಗಳು! ಗುರುಮಠದಲ್ಲಿ ದೀಪ ಆರಿಸುವ ಗಂಟೆ ಮೀರಿ ನಾನು ಕದ್ದು ಓದಿದ ಲೇಖಕ. 1904ರಲ್ಲಿ, ಹನ್ನೆರಡರ ಪ್ರಾಯದಲ್ಲೇ, ತಬ್ಬಲಿಯಾಗಿ ಬರ್ಮಿಂಗ್‌ಹ್ಯಾಮಿನ ಗುರು ಫಾದರ್ ಫ್ರಾನ್ಸಿಸ್ ಮಾರ್ಗನ್ ಅವರ ಆಸರೆಯಲ್ಲಿ ಬೆಳೆದ ಕಥೋಲಿಕ. ಫಿನ್ನಿಷ್ ಭಾಷೆಗೂ ಅಲ್ಲಿನ 'ಕಾಲೇವಾಲ' ಕಾವ್ಯಕ್ಕೂ ಮಾರುಹೋಗಿ, ತಾನು ಸೃಷ್ಟಿಸಿದ ಕ್ವೆನ್ಯ ಭಾಷೆಗೆ ಅದರ ನಾದವನ್ನು ತುಂಬಿದವರು. ಫಿನ್ಲೆಂಡಿನ ಯುವಜನ ಅದನ್ನು ತಮ್ಮ ರೀತಿಯಲ್ಲಿ ಮರಳಿ ಪಡೆದುಕೊಂಡರೇನೋ.

ಅವರ ಮರಣಾನಂತರ 1977ರಲ್ಲಿ ಪ್ರಕಟವಾದ 'ಸಿಲ್ಮರಿಲಿಯನ್' ಆರಂಭವಾಗುವುದು ಸಂಗೀತದಿಂದಲೇ. ಸೃಷ್ಟಿಕರ್ತನ ಮುಂದೆ ದಿವ್ಯಜೀವಿಗಳು ಹಾಡುತ್ತಿರುವಾಗ, ಅವರಲ್ಲಿ ಬಲಿಷ್ಠನಾದ ಮೆಲ್ಕೋರ್ ಗರ್ವದಿಂದ ಅಪಸ್ವರ ಎಬ್ಬಿಸುತ್ತಾನೆ. ಸೃಷ್ಟಿಕರ್ತನು ಗಾನವನ್ನು ನಿಲ್ಲಿಸಿಬಿಡುವುದಿಲ್ಲ. ಹೊಸ ರಾಗಗಳನ್ನು ಎತ್ತುತ್ತಾನೆ. ಕೊನೆಯದು ಶೋಕಭರಿತವಾದದ್ದು, ಅಬ್ಬರದ ಸ್ವರಗಳನ್ನೂ ಅದು ತನ್ನೊಳಗೆ ನೇಯ್ದುಕೊಳ್ಳುತ್ತದೆ. ನಾನಾದರೋ ಒಂದೇ ಗದರಿಕೆಯಿಂದ ಹಾಡು ನಿಲ್ಲಿಸಿದ್ದೆ.

"ಆ ಹುಡುಗಿಯ ದನಿಯಷ್ಟೇ ಸಾಲದೇನೋ?" ಎಂದು ಕೇಳಿದೆ.

"ಅಪ್ಪ ಹೋದಮೇಲೆ ಇಂಪಾದ ಹಾಡು ಮಾತ್ರ ಕೇಳಿದರೆ ಸುಳ್ಳು ಅನ್ನಿಸುತ್ತದೆ ಫಾದರ್."

ಹಿಂದಿನ ವರ್ಷ ಅವನ ತಂದೆಯ ಶವಸಂಸ್ಕಾರ ನಡೆಸಿದವನು ನಾನೇ. ಆ ಮನೆಗೆ ಮತ್ತೆ ಕಾಲಿಟ್ಟದ್ದು ಅಂದೇ. ಬೈಬಲ್ ತೆರೆದು, ಕತ್ತಲೆಯಲ್ಲೇ ಮುಗಿಯುವ 88ನೆಯ ಕೀರ್ತನೆಯನ್ನು ಅವನಿಂದ ಓದಿಸಿದೆ. ಓದಿ, "ಇದು ಗ್ರೌಲ್ ಫಾದರ್" ಎಂದ.

ಮುಂದಿನ ಭಾನುವಾರ ಗಿಟಾರ್ ಹಿಡಿದು ಬಂದ. ಅವನ ತಾಯಿಗೆ ಮಾತ್ರ ನನ್ನ ಮೇಲೆ ಇನ್ನೂ ತುಸು ಮುನಿಸಿದೆ.