ನೂರ ಅರುವತ್ತು ಕುದುರೆಗಳು ಯಾರಿಗಾಗಿ?

ನನ್ನ ತಮ್ಮ ಹದಿನಾಲ್ಕು ವರ್ಷಗಳಿಂದ ಸೌದಿಯಲ್ಲಿ ದುಡಿಯುತ್ತಿದ್ದಾನೆ. ಮೊದಲ ವರ್ಷಗಳ ದುಡಿಮೆ ತಂಗಿಯರಿಬ್ಬರ ಮದುವೆಗೆ ಹೋಯಿತು. ನಂತರದ್ದು ಮನೆ ಕಟ್ಟಲು ಹೋಯಿತು. 2025ರ ಜನವರಿಯಲ್ಲಿ ರಜೆಯಲ್ಲಿ ಬಂದವನು ಒಂದು ರಾತ್ರಿ ಊಟ ಮುಗಿದ ಮೇಲೆ ಮೊಬೈಲನ್ನು ನನ್ನ ಮುಂದೆ ಹಿಡಿದು, "ಆಪಾ, ಈ ಸಲ ನನಗೋಸ್ಕರ ಒಂದು ವಸ್ತು ತೆಗೆದುಕೊಳ್ಳುತ್ತೇನೆ" ಎಂದ. ಪರದೆಯ ಮೇಲೆ ಒಂದು ಕೆಂಪು ಕಾರಿತ್ತು.

"ವೆರ್ನಾ ಟರ್ಬೊ. ಒಂದೂವರೆ ಲೀಟರಿನ ಪೆಟ್ರೋಲ್ ಎಂಜಿನ್, ನೂರ ಅರುವತ್ತು ಹಾರ್ಸ್ ಪವರ್!"

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅವನ ಪತ್ನಿ ಮೆಲ್ಲಗೆ, "ಕರೆಂಟಿನ ಕಾರಾದರೆ ಮನೆಯಲ್ಲೇ ಚಾರ್ಜ್ ಮಾಡಬಹುದಿತ್ತು. ಪೆಟ್ರೋಲ್ ಬಂಕಿಗೆ ಹೋಗುವುದು ತಪ್ಪುತ್ತಿತ್ತು" ಎಂದಳು. ತಮ್ಮ ನಕ್ಕುಬಿಟ್ಟ. "ಅದು ಕಾರಲ್ಲ, ಫ್ರಿಜ್ಜಿಗೆ ಚಕ್ರ ಕಟ್ಟಿದ ಹಾಗೆ. ಸದ್ದೂ ಇಲ್ಲ, ಸುದ್ದಿಯೂ ಇಲ್ಲ" ಎಂದ.

ಮದ್ರಸದಲ್ಲಿ ಇಪ್ಪತ್ತು ವರ್ಷ ಪಾಠ ಹೇಳಿದ ನಾಲಿಗೆ ಸುಮ್ಮನಿರಲಿಲ್ಲ. ದುಂದುವೆಚ್ಚದ ಕುರಿತು ಪವಿತ್ರ ಕುರ್‌ಆನ್ ಏನು ಹೇಳಿದೆ, ಕರುಣಾಮಯನ ದಾಸರು ಖರ್ಚಿನಲ್ಲಿ ಹೇಗೆ ಮಧ್ಯಮ ಮಾರ್ಗ ಹಿಡಿಯುತ್ತಾರೆ ಎಂದು ಅಲ್ಲೇ ಒಂದು ಪ್ರವಚನ ಕೊಟ್ಟೆ. ಮಗನಿಗೆ ಲುಕ್ಮಾನರು ನೀಡಿದ ಉಪದೇಶವನ್ನೂ ನೆನಪಿಸಿದೆ. ನಡಿಗೆಯಲ್ಲಿ ಮಿತವಿರಲಿ, ಸದ್ದು ತಗ್ಗಿರಲಿ ಎಂದು ಅವರು ಹೇಳಲಿಲ್ಲವೇ, ನಿನಗೆ ಎಂಜಿನಿನ ಅಬ್ಬರ ಯಾಕೆ ಬೇಕು ಎಂದು ಕೇಳಿದೆ. ತಮ್ಮ ಎದುರು ಮಾತಾಡಲಿಲ್ಲ. ಮೊಬೈಲನ್ನು ಕಿಸೆಗೆ ಹಾಕಿಕೊಂಡು ಎದ್ದು ಹೋದ.

ಮರುದಿನ ಅಮ್ಮ ನನ್ನನ್ನು ಹತ್ತಿರ ಕರೆದು, "ಅವನಿಗೆ ದುಂದಿನ ಪಾಠ ಹೇಳಿದೆಯಲ್ಲ, ನಿನ್ನ ಮಗಳ ಕಾಲೇಜಿನ ಫೀಸು ಎರಡು ಸಲ ಕಟ್ಟಿದ್ದು ಯಾರು?" ಎಂದು ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ.

ಆ ರಾತ್ರಿ ನಾನು ಮತ್ತೆ ಗ್ರಂಥಗಳನ್ನು ತೆರೆದೆ. ಇತರರಿಗೆ ಹೇಳುವ ಮುಂಚೆ ಮಾಡಬೇಕಾಗಿದ್ದ ಕೆಲಸವದು. ಅನ್ನಹ್ಲ್ ಅಧ್ಯಾಯದ ಎಂಟನೇ ಸೂಕ್ತದಲ್ಲಿ ಅಲ್ಲಾಹನು ಕುದುರೆ, ಹೇಸರಗತ್ತೆ ಮತ್ತು ಕತ್ತೆಗಳನ್ನು ಸವಾರಿಗಾಗಿ ಮಾತ್ರವಲ್ಲ, ಶೋಭೆಗಾಗಿಯೂ ಸೃಷ್ಟಿಸಿರುವುದಾಗಿ ತಿಳಿಸಿದ್ದಾನೆ. ನಿಮಗೆ ತಿಳಿಯದ ಇನ್ನೂ ಎಷ್ಟೋ ವಸ್ತುಗಳನ್ನು ಸೃಷ್ಟಿಸುತ್ತಾನೆ ಎಂದೂ ಅಲ್ಲಿದೆ. ವಾಹನದ ಚೆಲುವು ತನ್ನಷ್ಟಕ್ಕೆ ಪಾಪವಲ್ಲ. ಒಳ್ಳೆಯ ವಾಹನವನ್ನು ಪ್ರವಾದಿವರ್ಯರು(ಸ) ಮನುಷ್ಯನ ಸೌಭಾಗ್ಯಗಳಲ್ಲಿ ಎಣಿಸಿದ್ದಾರೆ. ಇದನ್ನು ನಾನು ತಮ್ಮನಿಗೆ ಹೇಳಿರಲೇ ಇಲ್ಲ.

ಅಬೂ ಹುರೈರಾ(ರ) ವರದಿ ಮಾಡಿದ, ಬುಖಾರಿ ಮತ್ತು ಮುಸ್ಲಿಮ್‌ಗಳಲ್ಲಿರುವ ಒಂದು ಹದೀಸ್ ಇದೆ. ಕುದುರೆಗಳು ಮೂರು ಬಗೆಯವು. ಒಬ್ಬನಿಗೆ ಅದು ಪುಣ್ಯ, ಇನ್ನೊಬ್ಬನಿಗೆ ಮರೆ, ಮತ್ತೊಬ್ಬನಿಗೆ ಹೊರೆ. ಅಲ್ಲಾಹನ ಮಾರ್ಗದಲ್ಲಿ ಕಟ್ಟಿದವನಿಗೆ ಅದರ ಹೆಜ್ಜೆ ಹೆಜ್ಜೆಯೂ ಪುಣ್ಯ. ಯಾರ ಮುಂದೆಯೂ ಕೈಯೊಡ್ಡದಿರಲು ಸಾಕಿಕೊಂಡು, ಅದರಲ್ಲಿ ಅಲ್ಲಾಹನಿಗಿರುವ ಹಕ್ಕನ್ನು ಮರೆಯದವನಿಗೆ ಅದೊಂದು ಮರೆ. ಜಂಬಕ್ಕೂ ಪ್ರದರ್ಶನಕ್ಕೂ ಸಾಕಿದವನಿಗೆ ಅದು ಹೊರೆ. ಆಗ ಕತ್ತೆಗಳ ವಿಷಯವೇನೆಂದು ಕೇಳಲಾಯಿತು. ಅವುಗಳ ಬಗ್ಗೆ ಪ್ರತ್ಯೇಕ ಆದೇಶವೇನೂ ಬಂದಿಲ್ಲ ಎಂದ ಪ್ರವಾದಿವರ್ಯರು(ಸ), ಅಣುವಿನಷ್ಟು ಒಳಿತನ್ನೂ ಅಣುವಿನಷ್ಟು ಕೆಡುಕನ್ನೂ ಮನುಷ್ಯ ಕಾಣಲಿರುವನೆಂಬ ಸೂಕ್ತಗಳನ್ನು ನೆನಪಿಸಿದರು.

ಕಾರಿನ ವಿಷಯದಲ್ಲೂ ನಮಗಿರುವ ಉತ್ತರ ಇದೇ ಅಲ್ಲವೇ? ಕುದುರೆ ಒಂದೇ, ಕಟ್ಟಿದವನ ಉದ್ದೇಶ ಬೇರೆ. ಪೆಟ್ರೋಲಿನ ಕಾರಿನಲ್ಲಿ ವಿನಯದಿಂದ ಹೋಗಬಹುದು. ವಿದ್ಯುತ್ ಕಾರಿನಲ್ಲಿ ಕುಳಿತು, ನಾನೆಷ್ಟು ಪರಿಸರಪ್ರೇಮಿ ಎಂದು ಜಂಬ ಕೊಚ್ಚಿಕೊಳ್ಳಲೂಬಹುದು. ಬೆಳಿಗ್ಗೆ ತಮ್ಮನ ಬಳಿ ಹೋಗಿ ಕ್ಷಮೆ ಕೇಳಿದೆ. "ನಿನ್ನ ದುಡಿಮೆ, ನಿನ್ನ ಆಸೆ. ಆದರೆ ಒಂದು ಪ್ರಶ್ನೆ. ನೀನು ಊರಲ್ಲಿರುವುದು ವರ್ಷಕ್ಕೆ ಒಂದೂವರೆ ತಿಂಗಳು. ಉಳಿದ ಹತ್ತೂವರೆ ತಿಂಗಳು ಈ ನೂರ ಅರುವತ್ತು ಕುದುರೆಗಳ ಮೇಲೆ ಕೂರುವವರು ಯಾರು?" ಎಂದೆ.

ಅವನು ಯೋಚಿಸತೊಡಗಿದ. ನಿಜ ಹೇಳಬೇಕೆಂದರೆ, ಆ ಪ್ರಶ್ನೆಯನ್ನು ನಾವ್ಯಾರೂ ಕೇಳಿರಲಿಲ್ಲ. ಅಮ್ಮನನ್ನು ಮೊಣಕಾಲಿನ ಚಿಕಿತ್ಸೆಗೆ ಕಾಪುವಿನಿಂದ ಉಡುಪಿಗೆ ಕರೆದೊಯ್ಯುವವಳು ಅವನ ಪತ್ನಿ. ಮಕ್ಕಳನ್ನು ಶಾಲೆಗೆ ಬಿಡುವವಳೂ ಅವಳೇ. ಎರಡು ವರ್ಷಗಳ ಹಿಂದೆಯೇ ಅವಳು ಡ್ರೈವಿಂಗ್ ಕಲಿತಿದ್ದಳು. ಲೈಸೆನ್ಸ್ ಕಪಾಟಿನಲ್ಲಿತ್ತು, ಅವಳು ಮಾತ್ರ ಆಟೋದಲ್ಲಿ ಓಡಾಡುತ್ತಿದ್ದಳು.

ಅಂದು ಸಂಜೆ ಮೂವರೂ ಕುಳಿತು ಮಗುವಿನ ನೋಟ್‌ಬುಕ್ಕಿನಲ್ಲಿ ಲೆಕ್ಕ ಹಾಕಿದೆವು. ತಿಂಗಳಿಗೆ 800 ಕಿ.ಮೀ. ಓಡಾಟ. ಟರ್ಬೊ ಕಾರು ಪೇಟೆಯ ಓಡಾಟದಲ್ಲಿ ಲೀಟರಿಗೆ 12 ಕಿ.ಮೀ. ಕೊಟ್ಟರೆ ಸುಮಾರು 67 ಲೀಟರ್ ಪೆಟ್ರೋಲ್ ಬೇಕು. ಲೀಟರಿಗೆ ನೂರು ರೂಪಾಯಿ ಹಿಡಿದರೂ 6,700 ರೂಪಾಯಿ. ವಿದ್ಯುತ್ ಕಾರು ಒಂದು ಯೂನಿಟ್‌ಗೆ ಆರು ಕಿ.ಮೀ. ಹೋದರೆ 133 ಯೂನಿಟ್ ಸಾಕು. ಯೂನಿಟ್‌ಗೆ ಏಳು ರೂಪಾಯಿಯಂತೆ ಸಾವಿರಕ್ಕಿಂತ ಕಡಿಮೆ. ಇಷ್ಟು ಅಂತರಕ್ಕೆ ಕಾರಣವಿದೆ. ಪೆಟ್ರೋಲ್ ಎಂಜಿನಿನಲ್ಲಿ ಇಂಧನದ ಶಕ್ತಿಯ ಹೆಚ್ಚಿನ ಪಾಲು ಶಾಖವಾಗಿ ಹೋಗುತ್ತದೆ, ಚಕ್ರಕ್ಕೆ ತಲುಪುವುದು ಮೂರನೇ ಒಂದು ಭಾಗವೂ ಇಲ್ಲ. ವಿದ್ಯುತ್ ಮೋಟಾರಿನಲ್ಲಿ ಆ ನಷ್ಟ ಬಹಳ ಕಡಿಮೆ.

ಅಷ್ಟರಲ್ಲಿ ನಾದಿನಿಯೇ ಒಂದು ತೊಡಕನ್ನು ತೋರಿಸಿದಳು. 2023ರಲ್ಲಿ ಆರಂಭವಾದ ಗೃಹಜ್ಯೋತಿಯಿಂದ ನಮ್ಮ ಮನೆಯ ಬಿಲ್ಲು ಸೊನ್ನೆ ಬರುತ್ತಿತ್ತು. ಕಾರಿಗೂ ವಿದ್ಯುತ್ ಬಳಸಿ 200 ಯೂನಿಟ್ ದಾಟಿದರೆ ಇಡೀ ಬಿಲ್ಲನ್ನು ನಾವೇ ಕಟ್ಟಬೇಕು. ಅದನ್ನೂ ಸೇರಿಸಿದೆವು. ಆದರೂ ತಿಂಗಳಿಗೆ ನಾಲ್ಕು ಸಾವಿರಕ್ಕಿಂತ ಹೆಚ್ಚು ಉಳಿಯುತ್ತಿತ್ತು.

ಕೊಳ್ಳುವ ಬೆಲೆಯಲ್ಲೂ ಅಂತರವಿತ್ತು. ವಿದ್ಯುತ್ ಕಾರಿಗೆ ಜಿಎಸ್‌ಟಿ ಶೇ. 5. ನಾಲ್ಕು ಮೀಟರಿಗಿಂತ ಉದ್ದದ ಆ ಪೆಟ್ರೋಲ್ ಕಾರಿಗೆ ಆಗ ಸೆಸ್ ಸೇರಿ ಶೇ. 45 ಇತ್ತು. 2025ರ ಸೆಪ್ಟೆಂಬರ್ 22ರಿಂದ ಅದು ಶೇ. 40 ಆಯಿತು. 25 ಲಕ್ಷಕ್ಕಿಂತ ಕಡಿಮೆ ಬೆಲೆಯ ವಿದ್ಯುತ್ ಕಾರುಗಳಿಗೆ ನಮ್ಮ ರಾಜ್ಯದಲ್ಲಿ ಆಗ ರಸ್ತೆ ತೆರಿಗೆಯೂ ಇರಲಿಲ್ಲ. ತಮ್ಮನ ಕೈಯಲ್ಲಿದ್ದದ್ದು 14 ಲಕ್ಷ. ವೆರ್ನಾ ಟರ್ಬೊ ಬೇಕಾದರೆ ಇನ್ನೂ ನಾಲ್ಕೈದು ಲಕ್ಷ ಬ್ಯಾಂಕಿನಿಂದ ಬಡ್ಡಿಗೆ ತರಬೇಕು. ಟಾಟಾ ನೆಕ್ಸಾನ್‌ನ ಚಿಕ್ಕ ಬ್ಯಾಟರಿಯ ವಿದ್ಯುತ್ ಮಾದರಿ ಕೈಯಲ್ಲಿದ್ದ ಹಣಕ್ಕೇ ಸಿಗುತ್ತಿತ್ತು. ಬಡ್ಡಿಯ ಮಾತು ಬಂದಾಗ ನಾನು ಬಾಯಿ ತೆರೆಯಲಿಲ್ಲ. ತಮ್ಮನೇ, "ಹದಿನಾಲ್ಕು ವರ್ಷ ಬಡ್ಡಿಯಿಲ್ಲದೆ ಮನೆ ನಡೆಸಿದೆ ಆಪಾ, ಕಾರಿಗಾಗಿ ಅದನ್ನು ಮುರಿಯಲಾರೆ" ಎಂದ. ನನ್ನ ಕಣ್ಣು ತೇವವಾಯಿತು.

ಆದರೂ ಅವನ ಮನಸ್ಸು ಪೂರ್ತಿ ಒಪ್ಪಿರಲಿಲ್ಲ. "ನಮ್ಮ ಕರೆಂಟೇನು ಆಕಾಶದಿಂದ ಇಳಿಯುತ್ತದೆಯೇ?" ಎಂದು ಕೇಳಿದ. ನ್ಯಾಯವಾದ ಪ್ರಶ್ನೆ. ನಮ್ಮ ಸಮೀಪದ ಎಲ್ಲೂರಿನಲ್ಲೇ 1200 ಮೆಗಾವಾಟ್‌ನ ಉಷ್ಣ ವಿದ್ಯುತ್ ಸ್ಥಾವರವಿದೆ. ಅಲ್ಲಿ ಉರಿಯುವುದು ಹೊರದೇಶದಿಂದ ಬರುವ ಕಲ್ಲಿದ್ದಲು. ಶರಾವತಿ, ವಾರಾಹಿಯ ನೀರಿನ ವಿದ್ಯುತ್ತಿನ ಜೊತೆ ಅಂತಹ ಸ್ಥಾವರಗಳ ವಿದ್ಯುತ್ತೂ ನಮ್ಮ ತಂತಿಯಲ್ಲಿ ಹರಿಯುತ್ತದೆ. ಕೆಲವು ಬಗೆಯ ಬ್ಯಾಟರಿಗಳಿಗೆ ಬೇಕಾಗುವ ಕೋಬಾಲ್ಟ್ ಬಹುಪಾಲು ಬರುವುದು ಕಾಂಗೋ ದೇಶದ ಗಣಿಗಳಿಂದ, ಅವುಗಳಲ್ಲಿ ಕೆಲವೆಡೆ ಮಕ್ಕಳೂ ದುಡಿಯುತ್ತಾರೆ. ಆದ್ದರಿಂದ ವಿದ್ಯುತ್ ಕಾರು ಕೊಂಡವರೆಲ್ಲ ಪರಿಶುದ್ಧರೆಂದು ತಿಳಿಯಬೇಕಿಲ್ಲ. ಶಾಲೆಯ ಗೇಟಿನ ಮುಂದೆ ಮಕ್ಕಳ ಮೂಗಿಗೆ ಹೊಗೆ ಬಿಡುವುದಿಲ್ಲ ಎಂಬಷ್ಟು ಮಾತ್ರ ಖಂಡಿತ.

ಕೊನೆಗೆ ತೀರ್ಮಾನ ಮಾಡಿದ್ದು ಅಮ್ಮನ ಮೊಣಕಾಲು. ಎರಡೂ ಕಾರುಗಳನ್ನು ನೋಡಲು ಅವರನ್ನೂ ಕರೆದುಕೊಂಡು ಹೋದೆವು. ಸೆಡಾನ್ ಎಂದರೆ ತಗ್ಗಿನ ಕಾರು. ಒಳಗೆ ಕುಳಿತ ಅಮ್ಮನಿಗೆ ಏಳಲಾಗಲಿಲ್ಲ, ತಮ್ಮ ಎರಡೂ ಕೈ ಹಿಡಿದು ಎಬ್ಬಿಸಿದ. ಎತ್ತರದ ಸೀಟಿನ ಇನ್ನೊಂದು ಕಾರಿನಿಂದ ಅವರು ಬಾಗಿಲು ಹಿಡಿದು ತಾವಾಗಿಯೇ ಇಳಿದರು. ಯಾರೂ ಏನೂ ಹೇಳಲಿಲ್ಲ. ತಮ್ಮ ಆ ಕೆಂಪು ಕಾರಿನ ಬಾನೆಟ್ಟಿನ ಮೇಲೊಮ್ಮೆ ಕೈಯಾಡಿಸಿ, "ಅದನ್ನೇ ಬುಕ್ ಮಾಡೋಣ" ಎಂದ.

ಆ ಕಾರಿನಲ್ಲಿ ಕಷ್ಟಗಳೇ ಇಲ್ಲವೆಂದರೆ ಸುಳ್ಳಾದೀತು. ಹಳೆಯ ವಯರಿಂಗ್ ಬದಲಿಸಿ, ಅರ್ಥಿಂಗ್ ಸರಿಪಡಿಸಿ, ಹದಿನೈದು ಆಂಪಿಯರಿನ ಪ್ರತ್ಯೇಕ ಪಾಯಿಂಟ್ ಹಾಕಿಸಬೇಕಾಯಿತು. ಪೂರ್ತಿ ಚಾರ್ಜ್ ಆಗಲು ಇಡೀ ರಾತ್ರಿ ಬೇಕು. ಮಳೆಗಾಲದಲ್ಲಿ ಮರ ಬಿದ್ದು ಎರಡು ದಿನ ಕರೆಂಟ್ ಹೋದಾಗ ಕಾರು ಅಂಗಳದಲ್ಲೇ ನಿಂತಿತು. ಬೆಂಗಳೂರಿಗೆ ಹೋಗಬೇಕಾದರೆ ಎಲ್ಲಿ ನಿಲ್ಲಿಸಿ ಚಾರ್ಜ್ ಮಾಡಬೇಕೆಂದು ಮೊದಲೇ ನೋಡಿಕೊಳ್ಳಬೇಕು. ಪ್ರತಿ ವಾರ ದೂರದೂರಿಗೆ ಓಡಾಡುವ ಮನೆಯವರಿಗೆ, ಚಾರ್ಜ್ ಮಾಡಲು ಸ್ವಂತ ಜಾಗವಿಲ್ಲದ ಬಾಡಿಗೆ ಮನೆಯವರಿಗೆ ನಾನು ಇದನ್ನೇ ಕೊಳ್ಳಿರಿ ಎನ್ನಲಾರೆ.

ಆದರೆ ನಾದಿನಿಯ ಲೈಸೆನ್ಸ್ ಕಪಾಟಿನಿಂದ ಹೊರಬಂತು. ಗೇರಿಲ್ಲ, ಕ್ಲಚ್ಚಿಲ್ಲ. ಮೊದಲ ವಾರ ಪಕ್ಕದಲ್ಲಿ ತಮ್ಮ ಕುಳಿತಿದ್ದ, ನಂತರ ಅಮ್ಮ ಕುಳಿತರು. ವಿದ್ಯುತ್ ಕಾರು ಹೊಸತೆಂದು ನಾವು ತಿಳಿದಿದ್ದೇವೆ. ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಅಮೆರಿಕದಲ್ಲಿ, ಪೆಟ್ರೋಲ್ ಕಾರನ್ನು ಕೈಯಿಂದ ಹಿಡಿ ತಿರುಗಿಸಿ ಚಾಲೂ ಮಾಡಬೇಕಾಗಿದ್ದ ಕಾಲದಲ್ಲಿ, ಮಹಿಳೆಯರು ಮೆಚ್ಚಿದ್ದು ವಿದ್ಯುತ್ ಕಾರನ್ನೇ. ಪೆಟ್ರೋಲ್ ಕಾರನ್ನು ಮನೆಮನೆಗೆ ತಲುಪಿಸಿದ ಹೆನ್ರಿ ಫೋರ್ಡ್‌ರ ಪತ್ನಿ ಕ್ಲಾರಾ ಕೂಡ ಓಡಿಸುತ್ತಿದ್ದದ್ದು ವಿದ್ಯುತ್ ಕಾರು! ನಮ್ಮ ಬೆಂಗಳೂರಿನ ಪುಟ್ಟ ರೇವಾ ಕೂಡ 2001ರಲ್ಲೇ ರಸ್ತೆಗಿಳಿದಿತ್ತು.

ಮುಂದಿನ ರಜೆಯಲ್ಲಿ ಬಂದ ತಮ್ಮ ಒಬ್ಬನೇ ಕಾರನ್ನು ಆಗುಂಬೆಗೆ ಒಯ್ದ. ಘಾಟಿಯ ಹದಿನಾಲ್ಕು ತಿರುವು ಹತ್ತುವಾಗ ಬ್ಯಾಟರಿ ಬೇಗ ಬೇಗ ಇಳಿಯಿತಂತೆ. ಇಳಿಯುವಾಗ ಮೋಟಾರೇ ಡೈನಮೋದಂತೆ ಕೆಲಸ ಮಾಡಿ ಸ್ವಲ್ಪ ಚಾರ್ಜ್ ಮರಳಿ ತುಂಬಿತಂತೆ. ನಿಂತಲ್ಲಿಂದಲೇ ಪೂರ್ತಿ ಎಳೆಯುವುದು ಮೋಟಾರಿನ ಗುಣ. ಅದು ಅವನಿಗೆ ಹಿಡಿಸಿತ್ತು. "ಆಪಾ, ನಿಮ್ಮ ಫ್ರಿಜ್ಜು ಚೆನ್ನಾಗಿಯೇ ಓಡುತ್ತದೆ" ಎಂದು ನಕ್ಕ. ಕೆಂಪು ಕಾರಿನ ಚಿತ್ರ ಇನ್ನೂ ಅವನ ಮೊಬೈಲಿನಲ್ಲಿದೆ. ನಾನು ಅದರ ಬಗ್ಗೆ ಏನೂ ಹೇಳುವುದಿಲ್ಲ. ಹಲಾಲ್ ದುಡಿಮೆಯಿಂದ, ಮನೆಯವರ ಹಕ್ಕುಗಳನ್ನು ತೀರಿಸಿ, ಸಾಲವಿಲ್ಲದೆ ಒಂದು ದಿನ ಅವನು ಅದನ್ನು ಕೊಂಡರೆ ಮೊದಲು ದುಆ ಮಾಡುವವಳು ನಾನೇ.

ಸಹೋದರಿಯರೇ, ನಿಮ್ಮ ಮನೆಯಲ್ಲೂ ಕಾರಿನ ಮಾತು ಬಂದೀತು. ಯಾವ ಕಾರು, ಎಷ್ಟು ಶಕ್ತಿ, ಯಾವ ಬಣ್ಣ ಎಂದು ಕೇಳುವ ಮುಂಚೆ ಅದರಲ್ಲಿ ದಿನಾಲೂ ಯಾರು ಕೂರುತ್ತಾರೆ, ಯಾರು ಓಡಿಸುತ್ತಾರೆ, ಹಣ ಎಲ್ಲಿಂದ ಬರುತ್ತದೆ ಎಂದು ಕೇಳಿರಿ. ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಬೇಡಿ, ಒಳಗೆ ಬಂದು ಕುಳಿತು ಹೇಳಿರಿ. ಪರವೂರಿನಲ್ಲಿ ದುಡಿಯುವವನಿಗೂ ಒಂದು ಆಸೆಯಿರುತ್ತದೆ ಎಂಬುದನ್ನು, ನನ್ನ ಹಾಗೆ, ಮರೆಯಬೇಡಿ.

ಈಗ ನಾದಿನಿ ಕಾರು ಹೊರಡಿಸುವ ಮುಂಚೆ ಹಿಂದಿನ ಸೀಟಿನ ಮಕ್ಕಳು ಸವಾರಿಯ ದುಆ ಹೇಳುತ್ತಾರೆ. ಇದನ್ನು ನಮಗೆ ಅಧೀನಗೊಳಿಸಿದವನು ಅಲ್ಲಾಹನು, ನಮ್ಮಿಂದ ಅದು ಸಾಧ್ಯವಿರಲಿಲ್ಲ, ನಾವು ಅವನೆಡೆಗೇ ಮರಳುವವರು ಎಂಬುದು ಅದರ ಸಾರ. ಕಾರು ಸದ್ದು ಮಾಡದ ಕಾರಣ ಅವರ ದನಿ ಗೇಟಿನವರೆಗೂ ಕೇಳುತ್ತದೆ. ಅಲ್‌ಹಮ್ದುಲಿಲ್ಲಾಹ್.