ತಾರಸಿಯ ಮೇಲೊಂದು ಮಡಿ

ಹಳ್ಳಿಯಲ್ಲಿ ಮಣ್ಣು ಕಾಲ ಕೆಳಗಿರುತ್ತದೆ. ನಗರದಲ್ಲಿ ಅದನ್ನು ಚೀಲದಲ್ಲಿ ತುಂಬಿ, ಮೆಟ್ಟಿಲು ಹತ್ತಿಸಿ, ತಾರಸಿಗೆ ಒಯ್ಯಬೇಕಾಗುತ್ತದೆ. ನಮ್ಮ ಹಿರಿಯರಲ್ಲಿ ಬಹುಮಂದಿ ಅಂಗಳವೂ ಹಿತ್ತಿಲೂ ಇದ್ದ ಮನೆಗಳಿಂದ ಈ ಮುಂಬಯಿಗೆ ಬಂದವರು. ಬಸಳೆಯ ಚಪ್ಪರ, ಹರಿವೆಯ ಸಾಲು, ಬಚ್ಚಲ ನೀರಿಗೆ ಬೆಳೆದ ಬಾಳೆ ಇವೆಲ್ಲ ಅವರ ಮಾತಿನಲ್ಲಿ ಇಂದಿಗೂ ಹಸುರಾಗಿಯೇ ಇವೆ. ನಮಗಾದರೋ ಸೊಪ್ಪೆಂದರೆ ಪೇಟೆಯಿಂದ ಬರುವ ಒಂದು ಕಟ್ಟು ಮಾತ್ರ. ಅದರ ಬೇರು ಯಾವ ನೆಲದಲ್ಲಿತ್ತು, ಅದಕ್ಕೆ ನೀರೆರೆದವರು ಯಾರು ಎಂಬುದನ್ನು ಕೇಳುವ ಪ್ರಮೇಯವೇ ಬರುವುದಿಲ್ಲ. ಈ ಕೊರತೆಯನ್ನು ಸ್ವಲ್ಪಮಟ್ಟಿಗಾದರೂ ನೀಗಿಕೊಳ್ಳೋಣವೆಂದು ನಾವು ಮನೆಯವರೆಲ್ಲ ಕೂಡಿ ತಾರಸಿಯ ಮೇಲೆ ಮರದ ಏರುಮಡಿಗಳನ್ನು ಕಟ್ಟಿದೆವು.

ಏರುಮಡಿ ನಮ್ಮವರಿಗೆ ಹೊಸತೇನಲ್ಲ. ಮೆಣಸು, ಬದನೆ, ಈರುಳ್ಳಿಗಳ ಸಸಿಗಳನ್ನು ಎಬ್ಬಿಸುವಾಗ ನಮ್ಮ ರೈತರು ನೆಲದಿಂದ ಕೆಲವು ಅಂಗುಲ ಎತ್ತರಕ್ಕೆ ಮಣ್ಣೇರಿಸಿ ಸಸಿಮಡಿ ಮಾಡುತ್ತಾರೆ. ಇದರ ಕಾರಣ ಸರಳವಾದುದು. ಬೇರಿಗೆ ನೀರು ಎಷ್ಟು ಅವಶ್ಯವೋ ಗಾಳಿಯೂ ಅಷ್ಟೇ ಅವಶ್ಯ. ತಗ್ಗಿನಲ್ಲಿ ನೀರು ನಿಂತರೆ ಗಾಳಿ ಸಿಕ್ಕದೆ ಬೇರು ಕೊಳೆಯುತ್ತದೆ. ಎತ್ತರದ ಮಡಿಯಲ್ಲಿ ಹೆಚ್ಚಿನ ನೀರು ತಾನೇ ಇಳಿದುಹೋಗುತ್ತದೆ. ಮಡಿಯ ಅಗಲ ನಾಲ್ಕು ಅಡಿಯನ್ನು ಮೀರದಿದ್ದರೆ ಎರಡು ಬದಿಗಳಿಂದಲೂ ಕೈಚಾಚಿ ಕೆಲಸ ಮಾಡಬಹುದು. ಯಾರೂ ತುಳಿಯದ ಕಾರಣ ಮಣ್ಣು ಸದಾ ಸಡಿಲವಾಗಿರುತ್ತದೆ. ಇಂತಹ ಮಡಿಗೆ ನಾಲ್ಕೂ ಕಡೆ ಹಲಗೆ, ತಳಕ್ಕೆ ತೂತುಗಳುಳ್ಳ ಇನ್ನೊಂದು ಹಲಗೆ ಜೋಡಿಸಿದರೆ ಅದೇ ತಾರಸಿಯ ತೋಟ.

ಕೆಲಸಕ್ಕೆ ಕೈಹಾಕಿದಾಗ ಮೊದಲು ಎದುರಾದುದು ಮರದ ಪ್ರಶ್ನೆ. ರತ್ನಾಗಿರಿ, ದೇವಗಡಗಳ ಹಾಪೂಸು ಮಾವು ತುಂಬಿ ಬರುವ ಪೆಟ್ಟಿಗೆಗಳು ಬೇಸಗೆಯಲ್ಲಿ ದೊರಕುತ್ತವೆ. ಆದರೆ ಆ ತೆಳು ಹಲಗೆಗಳು ಒದ್ದೆ ಮಣ್ಣಿನ ಸಹವಾಸವನ್ನು ಬಹುಕಾಲ ತಾಳಲಾರವು. ಸಾಗುವಾನಿ ಅಥವಾ ಹಲಸಿನ ಹಳೆಯ ಹಲಗೆ ಸಿಕ್ಕಿದರೆ ಅದೇ ಲೇಸು. ಹಡಗಿನ ಸರಕಿನ ಜೊತೆ ಬಂದ ಮರವಾದರೆ ಅದರ ಮುದ್ರೆಯನ್ನು ಓದತಕ್ಕದ್ದು. ರೋಮನ್ ಅಕ್ಷರಗಳಲ್ಲಿ ‘ಎಚ್‌ಟಿ’ ಎಂದಿದ್ದರೆ ಅದು ಕಾವಿನಿಂದ ಕೀಟಮುಕ್ತಗೊಳಿಸಿದ ಮರ. ‘ಎಂಬಿ’ ಎಂದಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷಾನಿಲ ಹಾಯಿಸಿದ ಮರ. ಎರಡನೆಯದು ಸೊಪ್ಪಿನ ಮಡಿಗೆ ಸಲ್ಲದು. ಬಾಳಿಕೆಗಾಗಿ ಆರ್ಸೆನಿಕ್ ಬೆರೆತ ರಸಾಯನವನ್ನು ಕುಡಿಸಿದ ಮರವೂ ಬೇಡ. ಅಮೆರಿಕದ ತಯಾರಕರು 2003ರ ಕೊನೆಯಿಂದ ಮನೆಬಳಕೆಗೆ ಅಂತಹ ಮರವನ್ನು ಕೊಡುವುದನ್ನು ನಿಲ್ಲಿಸಿದರು. ನಾವು ಹಳೆಯ ಸಾಗುವಾನಿ ಹಲಗೆಗಳಿಗೆ ಅಗಸೆ ಎಣ್ಣೆಯನ್ನು ಬಳಿದು, ಮೂರಡಿ ಉದ್ದದ, ಒಂದೂವರೆ ಅಡಿ ಅಗಲದ ನಾಲ್ಕು ಮಡಿಗಳನ್ನು ಮಾಡಿದೆವು.

ಆದರೆ ತಾರಸಿ ನಮ್ಮೊಬ್ಬರದಲ್ಲವಷ್ಟೆ. ಅದರ ಕೆಳಗಿನ ಮನೆಯಲ್ಲಿ ವೃದ್ಧರೊಬ್ಬರು ವಾಸವಾಗಿದ್ದರು. ಮಣ್ಣಿನ ಚೀಲಗಳು ಮೇಲೇರುವುದನ್ನು ಕಂಡು ಅವರು ಮರಾಠಿಯಲ್ಲಿ, “ನಿಮ್ಮ ತೋಟಕ್ಕೆ ನೀರು, ನಮ್ಮ ಹಾಸಿಗೆಗೂ ನೀರೇನು?” ಎಂದು ಕೇಳಿದರು. ಮಾತು ವಿನೋದದ್ದಾದರೂ ಅದರೊಳಗಿನ ಭಯ ನ್ಯಾಯವಾದುದೇ ಆಗಿತ್ತು. ಜನರು ಓಡಾಡುವ ತಾರಸಿಗೆ ಭಾರತೀಯ ಮಾನಕವು ಲೆಕ್ಕಹಿಡಿಯುವ ಹೊರೆ ಚದರ ಮೀಟರಿಗೆ ಸುಮಾರು 150 ಕಿಲೋಗ್ರಾಂ. ಒಂದು ಚದರ ಮೀಟರಿನಲ್ಲಿ 30 ಸೆಂಟಿಮೀಟರ್ ಆಳಕ್ಕೆ ಬರಿಯ ಮಣ್ಣನ್ನು ತುಂಬಿದರೆ, ಅದು ನೆನೆದಾಗ ಸುಮಾರು 500 ಕಿಲೋಗ್ರಾಂ ತೂಗುತ್ತದೆ! ಮೇಲಿನವರ ಹರ್ಷವು ಕೆಳಗಿನವರ ಆತಂಕವಾಗಬಾರದು.

ಆದುದರಿಂದ ಸೊಸೈಟಿಯ ಒಪ್ಪಿಗೆಯನ್ನು ಪಡೆದು, ಇಂಜಿನಿಯರರೊಬ್ಬರಿಗೆ ತಾರಸಿಯನ್ನು ತೋರಿಸಿದೆವು. ಅವರ ಸಲಹೆಯಂತೆ ಮಡಿಯ ಆಳವನ್ನು ಅರ್ಧ ಅಡಿಗೆ ಮಿತಗೊಳಿಸಿ, ತೊಲೆಗಳು ಹಾಯುವ ಅಂಚಿನಲ್ಲಿ ಒಂದರಿಂದೊಂದು ದೂರವಾಗಿ ಇರಿಸಿದೆವು. ಒಂದು ಪಾಲು ಕೆಮ್ಮಣ್ಣು, ಒಂದು ಪಾಲು ತೆಂಗಿನ ನಾರಿನ ಪುಡಿ, ಒಂದು ಪಾಲು ಗೊಬ್ಬರ ಎಂಬ ಲೆಕ್ಕದಿಂದ ಹೊರೆ ಬಹಳ ಇಳಿಯಿತು. ಗೊಬ್ಬರವೋ, ಒಣಗಿದ ಎಲೆ, ಅಡುಗೆಮನೆಯ ಸಿಪ್ಪೆ, ಕಬ್ಬಿನ ಹಾಲಿನ ಅಂಗಡಿಯವರು ಎಸೆಯುವ ಜಲ್ಲೆ ಇವುಗಳಿಂದಲೇ ಆದುದು. ಮಡಿಗಳ ಕೆಳಗೆ ಇಟ್ಟಿಗೆಗಳನ್ನಿಟ್ಟು, ನೆಲ ಕಣ್ಣಿಗೆ ಕಾಣುವಂತೆಯೂ ನೀರು ತಡೆಯಿಲ್ಲದೆ ಹರಿಯುವಂತೆಯೂ ಮಾಡಿದೆವು. ಮಳೆಗಾಲದಲ್ಲಿ ಕೆಳಗೆ ಒಂದು ಹನಿ ಜಿನುಗಿದರೂ ನಾಲ್ಕು ಮಡಿಗಳನ್ನೂ ಇಳಿಸುವೆವೆಂದು ಆ ವೃದ್ಧರಿಗೆ ಮಾತುಕೊಟ್ಟೆವು.

ಮುಂಬಯಿಯಲ್ಲಿ ವರ್ಷಕ್ಕೆ 2,000 ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಮಳೆಯ ಬಹುಪಾಲು ನಾಲ್ಕೇ ತಿಂಗಳುಗಳಲ್ಲಿ ಬರುತ್ತದೆ. ಜುಲೈ ತಿಂಗಳ ರಾತ್ರಿಗಳಲ್ಲಿ ಮಳೆಯ ಸದ್ದಿಗೆ ಎಚ್ಚರವಾದಾಗ ನಮ್ಮ ಮನಸ್ಸು ಗಿಡಗಳಿಗಿಂತ ಮೊದಲು ಕೆಳಗಿನ ಮನೆಯ ಸೂರಿನತ್ತ ಓಡುತ್ತಿತ್ತು. ಬೆಳಗಾದೊಡನೆ ಛತ್ರಿ ಹಿಡಿದು ಮೇಲೆ ಹೋಗಿ, ನೀರು ಇಳಿಯುವ ಬಾಯಿಯಲ್ಲಿ ಸಿಕ್ಕಿಕೊಂಡ ಎಲೆಗಳನ್ನು ತೆಗೆಯುವುದೇ ದಿನದ ಮೊದಲ ಕೆಲಸವಾಯಿತು. ಕೆಲವು ದಿನ ಆ ವೃದ್ಧರೂ ಬಂದು ಇಟ್ಟಿಗೆಗಳ ನಡುವೆ ಬಗ್ಗಿ ನೋಡಿದರು. ಶ್ರಾವಣದ ಹೊತ್ತಿಗೆ ಅವರು ನೋಡತೊಡಗಿದ್ದು ನೆಲವನ್ನಲ್ಲ, ಬಸಳೆಯ ಕುಡಿಯನ್ನು. ಸೂರು ಜಿನುಗಲಿಲ್ಲ. ಮೊದಲು ಕೊಯ್ದ ಬಸಳೆ ಅವರ ಮನೆಗೇ ಹೋಯಿತು.

ವಿದ್ಯಾರ್ಥಿ ಮಿತ್ರರೇ, ನಾಲ್ಕು ಪೆಟ್ಟಿಗೆಗಳಿಂದ ಸಂಸಾರಕ್ಕೆ ಬೇಕಾಗುವ ತರಕಾರಿಯೆಲ್ಲ ದೊರಕದು. ಆದರೆ ಒಂದು ಕಟ್ಟು ಸೊಪ್ಪಿನ ಹಿಂದೆ ಎಷ್ಟು ದಿನಗಳ ಎಚ್ಚರವಿದೆಯೆಂಬುದು ಅದರಿಂದ ಚೆನ್ನಾಗಿ ತಿಳಿಯುತ್ತದೆ. ತಾರಸಿ ಇಲ್ಲದವರು ಬಿಸಿಲು ಬೀಳುವ ಕಿಟಕಿಯ ಬಳಿ ಒಂದು ಸಣ್ಣ ಪೆಟ್ಟಿಗೆಯನ್ನಾದರೂ ಇರಿಸಬಹುದು. ಮಳೆ ಹಿಂದೆಗೆದ ಮೇಲೆ ಅಡುಗೆಮನೆಯ ಡಬ್ಬಿಯಿಂದಲೇ ಒಂದು ಹಿಡಿ ಮೆಂತ್ಯವನ್ನು ತೆಗೆದು ಬಿತ್ತಿರಿ. ಕೆಲವೇ ದಿನಗಳಲ್ಲಿ ಮೊಳಕೆ ಕಾಣುವುದು. ಬಿತ್ತುವ ಮುನ್ನ ಕೆಳಗಿನ ಮನೆಯವರನ್ನು ಒಂದು ಮಾತು ಕೇಳಿರಿ.